ಬಳಕೆದಾರರು ಹಾಕಿದ ಅಕ್ರಮ ವಸ್ತುವಿಗೆ ಸರ್ವರ್ ನಡೆಸುವವರ ಹೊಣೆ ಎಷ್ಟು? ಪದೇ ಪದೇ ಕೇಳುವ ಪ್ರಶ್ನೆಗಳು

ಭಾರತದಲ್ಲಿದ್ದುಕೊಂಡು ಮ್ಯಾಸ್ಟೊಡಾನ್ (ಸಾಮಾಜಿಕ ಜಾಲ), ಮ್ಯಾಟ್ರಿಕ್ಸ್ (ಚಾಟ್), ನೆಕ್ಸ್ಟ್‌ಕ್ಲೌಡ್ (ಕಡತ ಸಂಗ್ರಹ), ಫೈಲ್ ಹಂಚಿಕೆ ಅಥವಾ ಗೇಮ್ ಸರ್ವರ್ ನಡೆಸುವ ಸಣ್ಣ ತಂಡಗಳಿಗಾಗಿ ಈ ಪುಟ. ಕಾನೂನು ವಿಭಾಗ, ಪಾಳಿಯಲ್ಲಿ ಕೂರುವ ನೌಕರರು ಇವೆಲ್ಲ ಇಲ್ಲದೆ ಒಬ್ಬಿಬ್ಬರೇ ಎಲ್ಲವನ್ನೂ ನೋಡಿಕೊಳ್ಳುವವರು ನಮ್ಮ ಮನಸ್ಸಿನಲ್ಲಿದ್ದಾರೆ. ಪೊಲೀಸ್ ನೋಟಿಸ್ ಬಂದ ಮೇಲೆ ಇದನ್ನು ಓದಿದರೆ ಅರ್ಧ ಪ್ರಯೋಜನ ಮಾತ್ರ. ಇಲ್ಲಿ ಹೇಳಿದ ಹೆಚ್ಚಿನ ಕೆಲಸ ನೋಟಿಸ್ ಬರುವ ಮೊದಲೇ ಆಗಿರಬೇಕು.

ಯಾರೋ ಹಾಕಿದ ಫೈಲಿಗೆ ನಾನೇಕೆ ಜವಾಬ್ದಾರ?

ಮೂಲತಃ ನೀವು ಜವಾಬ್ದಾರರಲ್ಲ. ಆದರೆ ಆ ರಕ್ಷಣೆಗೆ ಷರತ್ತುಗಳಿವೆ. ಮಾಹಿತಿ ತಂತ್ರಜ್ಞಾನ ಕಾಯ್ದೆ 2000ರ ಪ್ರಕಾರ, ಇನ್ನೊಬ್ಬರ ಪರವಾಗಿ ಮಾಹಿತಿಯನ್ನು ಪಡೆದು, ಇಟ್ಟುಕೊಂಡು ಅಥವಾ ರವಾನಿಸುವ ಯಾರೇ ಆಗಲಿ ‘ಮಧ್ಯವರ್ತಿ’. ವೆಬ್ ಹೋಸ್ಟಿಂಗ್ ನೀಡುವವರಿಂದ ಸೈಬರ್ ಕೆಫೆಯವರ ತನಕ ಎಲ್ಲರೂ ಈ ವ್ಯಾಖ್ಯೆಯೊಳಗೆ ಬರುತ್ತಾರೆ. ಸೆಕ್ಷನ್ 79 ಮಧ್ಯವರ್ತಿಗೆ ಸೇಫ್ ಹಾರ್ಬರ್, ಅಂದರೆ ಹೊಣೆಯಿಂದ ರಕ್ಷಣೆ, ಕೊಡುತ್ತದೆ. ಅದು ಸಿಗಬೇಕಾದರೆ ವಿಷಯವನ್ನು ನೀವು ಸೃಷ್ಟಿಸಿರಬಾರದು, ಯಾರಿಗೆ ಹೋಗಬೇಕೆಂದು ಆರಿಸಿರಬಾರದು, ಅದನ್ನು ತಿದ್ದಿರಬಾರದು. ಜೊತೆಗೆ ಕಾನೂನು ಹೇಳಿದ ಎಚ್ಚರಿಕೆಯ ಕ್ರಮಗಳನ್ನೆಲ್ಲ ಪಾಲಿಸಿರಬೇಕು. ಅಪರಾಧಕ್ಕೆ ನೀವೇ ಕುಮ್ಮಕ್ಕು ಕೊಟ್ಟಿದ್ದರೆ, ಅಥವಾ ತಿಳಿದ ಮೇಲೂ ತೆಗೆಯದೆ ಸುಮ್ಮನಿದ್ದರೆ ಆ ರಕ್ಷಣೆ ಹೋಗುತ್ತದೆ.

ಹೀಗಾಗಿ ವಿವಾದವಾದಾಗ ಮುಖ್ಯವಾಗುವ ಪ್ರಶ್ನೆಗಳು ಮೂರು: ನಿಮಗೆ ಯಾವಾಗ ಗೊತ್ತಾಯಿತು, ಎಷ್ಟು ಗಂಟೆಯಲ್ಲಿ ಏನು ಮಾಡಿದಿರಿ, ಅದಕ್ಕೆ ದಾಖಲೆ ಏನಿದೆ.

ಈಗಿನ ರೂಪದ ಸೆಕ್ಷನ್ 79 ಜಾರಿಯಾದದ್ದು 2009ರ ಅಕ್ಟೋಬರ್ 27ರಂದು. ಅದಕ್ಕೂ ಮೊದಲು, 2004ರಲ್ಲಿ, ಬಾಝೀ.ಕಾಮ್ ತಾಣದಲ್ಲಿ ಬಳಕೆದಾರನೊಬ್ಬ ಅಶ್ಲೀಲ ವಿಡಿಯೊ ಮಾರಾಟಕ್ಕಿಟ್ಟ. ಬಂಧನವಾದದ್ದು ಕಂಪನಿಯ ಮುಖ್ಯಸ್ಥರದ್ದೂ ಹೌದು. ಅದೇ ಪ್ರಕರಣದಲ್ಲಿ ಕಂಪನಿಯ ಇನ್ನೊಬ್ಬ ಅಧಿಕಾರಿಗೆ ಸುಪ್ರೀಂ ಕೋರ್ಟಿನಿಂದ ಬಿಡುಗಡೆ ಸಿಕ್ಕಿದ್ದು 2016ರಲ್ಲಿ. ಕೊನೆಗೆ ಗೆದ್ದರೂ ಹನ್ನೆರಡು ವರ್ಷ ಹೋಯಿತು. ಸಣ್ಣ ಸರ್ವರ್ ನಡೆಸುವವರ ನಿಜವಾದ ಅಪಾಯ ಇದೇ: ಶಿಕ್ಷೆಯಾಗುವುದಕ್ಕಿಂತ ಮೊದಲೇ ಪ್ರಕ್ರಿಯೆಯಲ್ಲಿ ನುಜ್ಜುಗುಜ್ಜಾಗುವುದು.

ನಮ್ಮಲ್ಲಿ ಇರುವುದೇ ಇನ್ನೂರು ಜನ. ದೊಡ್ಡ ಕಂಪನಿಗಳ ನಿಯಮ ನಮಗೂ ಬರುತ್ತದೆಯೇ?

ಬಹುಪಾಲು ಬರುತ್ತದೆ. 2021ರ ಫೆಬ್ರುವರಿ 25ರಂದು ಹೊರಬಂದ ಮಧ್ಯವರ್ತಿ ಮಾರ್ಗಸೂಚಿ ನಿಯಮಗಳಲ್ಲಿ ನಿಯಮ 3 ಎಲ್ಲ ಮಧ್ಯವರ್ತಿಗಳಿಗೂ ಅನ್ವಯ. ಬಳಕೆದಾರರ ಸಂಖ್ಯೆ ಕಡಿಮೆ ಎಂದು ಅದರಲ್ಲಿ ವಿನಾಯಿತಿ ಇಲ್ಲ. ದುಡ್ಡು ಮಾಡುವುದಿಲ್ಲ ಎಂಬ ಕಾರಣಕ್ಕೂ ಇಲ್ಲ.

ನಿಯಮ 4 ಮಾತ್ರ ಭಾರತದಲ್ಲಿ 50 ಲಕ್ಷಕ್ಕಿಂತ ಹೆಚ್ಚು ನೋಂದಾಯಿತ ಬಳಕೆದಾರರಿರುವ ದೊಡ್ಡ ಸಾಮಾಜಿಕ ಜಾಲತಾಣಗಳಿಗೆ. ಭಾರತದಲ್ಲೇ ವಾಸಿಸುವ ಅನುಸರಣಾ ಅಧಿಕಾರಿ, ಮಾಸಿಕ ವರದಿ, ಸಂದೇಶದ ಮೂಲ ಕರ್ತೃವನ್ನು ಪತ್ತೆಹಚ್ಚಿಕೊಡುವ ಹೊಣೆ ಇವೆಲ್ಲ ಅಲ್ಲಿ ಬರುತ್ತವೆ. ಗಂಭೀರ ಅಪಾಯವಿದೆ ಎನ್ನಿಸಿದರೆ ಸಣ್ಣ ಸೇವೆಗೂ ಈ ಹೊಣೆಗಳನ್ನು ಹೊರಿಸುವ ಅಧಿಕಾರ ನಿಯಮ 6ರಡಿ ಸರ್ಕಾರಕ್ಕಿದೆ.

ಸರ್ವರ್ ತೆರೆಯುವ ದಿನ ಏನೇನು ಸಿದ್ಧವಿರಬೇಕು?

ಬಳಕೆಯ ನಿಯಮ ಮತ್ತು ಖಾಸಗಿತನ ನೀತಿ ಎದ್ದು ಕಾಣುವ ಜಾಗದಲ್ಲಿರಬೇಕು. ಏನನ್ನು ಹಾಕಬಾರದು ಎಂಬ ಪಟ್ಟಿ ನಿಯಮ 3(1)(ಬಿ)ಯಲ್ಲೇ ಇದೆ. ಅದನ್ನು ನಿಮ್ಮ ಬಳಕೆದಾರರಿಗೆ ಅರ್ಥವಾಗುವ ಭಾಷೆಯಲ್ಲಿ ಬರೆಯಿರಿ. ಕನ್ನಡಿಗರಿಗಾಗಿ ನಡೆಸುವ ಸರ್ವರ್ ಆದರೆ ಕನ್ನಡದಲ್ಲೇ ಇರಲಿ. ಸಂವಿಧಾನದ ಎಂಟನೇ ಅನುಸೂಚಿಯ ಯಾವುದೇ ಭಾಷೆಯಲ್ಲಿ ಬಳಕೆದಾರ ತನಗೆ ಬೇಕಾದಂತೆ ಓದುವಂತಿರಬೇಕು ಎಂದು 2022ರ ತಿದ್ದುಪಡಿಯೂ ಹೇಳುತ್ತದೆ. ನಿಯಮ ಮುರಿದರೆ ಖಾತೆ ಮುಚ್ಚುತ್ತೇವೆ ಎಂಬ ಸೂಚನೆಯನ್ನು ಮೊದಲು ವರ್ಷಕ್ಕೊಮ್ಮೆ ಕಳಿಸಿದರೆ ಸಾಕಿತ್ತು. 2026ರ ಫೆಬ್ರುವರಿ 20ರಿಂದ ಮೂರು ತಿಂಗಳಿಗೊಮ್ಮೆ ಕಳಿಸಬೇಕು. ಕ್ರಾನ್ ಜಾಬ್ (ನಿಗದಿತ ಹೊತ್ತಿಗೆ ಓಡುವ ಕೆಲಸ) ಹಾಕಿ ತಾನಾಗಿಯೇ ಇಮೇಲ್ ಹೋಗುವಂತೆ ಮಾಡಿ, ಹೋದದ್ದರ ಲಾಗ್, ಅಂದರೆ ಸರ್ವರ್ ಬರೆದಿಡುವ ದಾಖಲೆ, ಇಟ್ಟುಕೊಳ್ಳಿ.

ಕುಂದುಕೊರತೆ ಅಧಿಕಾರಿಯ ಹೆಸರು ಮತ್ತು ಸಂಪರ್ಕ ವಿವರ ಸೈಟಿನಲ್ಲಿರಬೇಕು. ಒಬ್ಬರೇ ನಡೆಸುತ್ತಿದ್ದರೆ ನೀವೇ ಆ ಅಧಿಕಾರಿ. ಸ್ವಂತ ಜಿಮೇಲ್ ವಿಳಾಸ ಕೊಡಬೇಡಿ. ಕೆಲಸಕ್ಕೆಂದೇ ಪ್ರತ್ಯೇಕ ವಿಳಾಸ ತೆರೆದು, ಅದಕ್ಕೆ ಬಂದ ಪತ್ರ ಕನಿಷ್ಠ ಇಬ್ಬರ ಫೋನಿನಲ್ಲಿ ಸದ್ದು ಮಾಡುವಂತೆ ಇಡಿ. ಹೀಗೇಕೆಂದು ಮುಂದಿನ ಉತ್ತರ ನೋಡಿದರೆ ತಿಳಿಯುತ್ತದೆ. ಡೊಮೇನಿನ ‘ಅಬ್ಯೂಸ್’ ವಿಳಾಸಕ್ಕೆ ಬಂದ ಪತ್ರಗಳೂ ಅದೇ ಪೆಟ್ಟಿಗೆಗೆ ಬರಲಿ. ಹೋಸ್ಟಿಂಗ್ ಕಂಪನಿಯ ಎಚ್ಚರಿಕೆ ಸ್ಪ್ಯಾಮ್ ಫೋಲ್ಡರ್‌ನಲ್ಲಿ ಕೊಳೆತು, ಮಾರನೆಯ ದಿನ ಸರ್ವರೇ ಬಂದ್ ಆಗುವುದು ತೀರಾ ಸಾಮಾನ್ಯ.

ದೂರು ಬಂದ ಮೇಲೆ ಎಷ್ಟು ಸಮಯ ಸಿಗುತ್ತದೆ?

ಈ ಗಡುವುಗಳು 2026ರ ಫೆಬ್ರುವರಿ 20ರಂದು ಬಹಳ ಬಿಗಿಯಾದವು. ಅಂತರ್ಜಾಲದಲ್ಲಿ ಸಿಗುವ ಹಳೆಯ ಲೇಖನಗಳಲ್ಲಿ 36 ಗಂಟೆ, 24 ಗಂಟೆ ಎಂದಿರುತ್ತದೆ. ಅದನ್ನು ನಂಬಿ ಕೂರಬೇಡಿ.

ಕೋರ್ಟ್ ಆದೇಶ ಅಥವಾ ಅಧಿಕೃತ ಸರ್ಕಾರಿ ಸೂಚನೆ ಬಂದರೆ 3 ಗಂಟೆಯೊಳಗೆ ವಸ್ತುವನ್ನು ತೆಗೆಯಬೇಕು. ವ್ಯಕ್ತಿಯೊಬ್ಬರು ತಮ್ಮ ಖಾಸಗಿ ಅಂಗ, ನಗ್ನತೆ, ಲೈಂಗಿಕ ಕ್ರಿಯೆ ತೋರಿಸುವ ಚಿತ್ರ ಅಥವಾ ತಮ್ಮ ಮುಖ ಜೋಡಿಸಿ ತಿರುಚಿದ ಚಿತ್ರದ ಬಗ್ಗೆ ದೂರು ಕೊಟ್ಟರೆ 2 ಗಂಟೆ. ಇದಕ್ಕೆ ಕೋರ್ಟ್ ಆದೇಶ ಬೇಕಿಲ್ಲ. ಅವರೋ ಅವರ ಪರವಾಗಿ ಇನ್ನೊಬ್ಬರೋ ಬರೆದ ಇಮೇಲ್ ಸಾಕು. ಬೇರೆ ಅಕ್ರಮ ವಸ್ತು ತೆಗೆಯಿರಿ ಎಂಬ ಬಹುತೇಕ ದೂರುಗಳನ್ನು 36 ಗಂಟೆಯಲ್ಲಿ, ಉಳಿದ ದೂರುಗಳನ್ನು 7 ದಿನದಲ್ಲಿ ಇತ್ಯರ್ಥಪಡಿಸಬೇಕು. ಯಾವುದೇ ದೂರಾದರೂ 24 ಗಂಟೆಯೊಳಗೆ ಸ್ವೀಕೃತಿ ಕೊಡಬೇಕು.

ರಾತ್ರಿ 11ಕ್ಕೆ ದೂರು ಬಂದರೆ ಬೆಳಿಗ್ಗೆ ನೋಡುವ ಹೊತ್ತಿಗೆ 2 ಗಂಟೆಯ ಗಡುವು ಮುಗಿದಿರುತ್ತದೆ. ಒಬ್ಬರೇ ನಡೆಸುವ ಸರ್ವರ್‌ಗೆ ಇದು ನಿಜಕ್ಕೂ ಕಷ್ಟ. ಹೀಗಾಗಿ ದೂರಿನ ಫಾರಂನಲ್ಲೇ ‘ಇದು ನನ್ನ ಅಥವಾ ನನಗೆ ಗೊತ್ತಿರುವವರ ಖಾಸಗಿ ಚಿತ್ರ’ ಎಂಬ ಆಯ್ಕೆ ಇಡಿ. ಅದನ್ನು ಒತ್ತಿದ ತಕ್ಷಣ ಆ ಫೈಲ್ ಮನುಷ್ಯರು ನೋಡುವ ತನಕ ತಾನಾಗಿಯೇ ಮರೆಯಾಗಲಿ. ಸುಳ್ಳು ದೂರಾದರೆ ಬೆಳಿಗ್ಗೆ ವಾಪಸ್ ತರಬಹುದು. ಒಬ್ಬ ಹೆಣ್ಣುಮಗಳ ಚಿತ್ರ ಆ ರಾತ್ರಿ ಐನೂರು ಫೋನುಗಳಿಗೆ ಇಳಿದರೆ ಅದನ್ನು ಯಾವ ಕೋರ್ಟೂ ವಾಪಸ್ ತರಲಾರದು.

ತೆಗೆಯಿರಿ ಎಂದು ಯಾರು ಬರೆದರೂ ತೆಗೆಯಬೇಕೇ?

ಬೇಕಿಲ್ಲ. 2015ರ ಮಾರ್ಚ್ 24ರ ಶ್ರೇಯಾ ಸಿಂಘಾಲ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ‘ಆಕ್ಷೇಪಾರ್ಹ’ ಸಂದೇಶ ಕಳಿಸುವುದನ್ನು ಅಪರಾಧ ಮಾಡಿದ್ದ ಸೆಕ್ಷನ್ 66ಎ ಯನ್ನು ರದ್ದು ಮಾಡಿತು. ಸೆಕ್ಷನ್ 79ರಲ್ಲಿ ‘ತಿಳಿವು’ ಎಂದರೆ ಕೋರ್ಟ್ ಆದೇಶ ಅಥವಾ ಸರ್ಕಾರದ ಸೂಚನೆಯಿಂದ ಬಂದ ತಿಳಿವು ಎಂದು ಮಿತಿಯನ್ನೂ ಹಾಕಿತು. ಯಾರೋ ರಾಜಕಾರಣಿಯ ಬೆಂಬಲಿಗರು ಕಳಿಸಿದ ಬೆದರಿಕೆ ಪತ್ರದಿಂದ ಆ ‘ತಿಳಿವು’ ಹುಟ್ಟುವುದಿಲ್ಲ.

ಸರ್ಕಾರದ ಸೂಚನೆ ಯಾರಿಂದ ಬರಬೇಕು ಎಂಬುದನ್ನು 2025ರ ನವೆಂಬರ್ 15ರಿಂದ ಜಾರಿಯಾದ ತಿದ್ದುಪಡಿ ಸ್ಪಷ್ಟಪಡಿಸಿದೆ. ಜಂಟಿ ಕಾರ್ಯದರ್ಶಿ ಅಥವಾ ತತ್ಸಮಾನ ದರ್ಜೆಗಿಂತ (ಆ ದರ್ಜೆಯವರು ಇಲ್ಲದ ಕಡೆ ನಿರ್ದೇಶಕ ದರ್ಜೆಗಿಂತ) ಕೆಳಗಿನವರು ಕಳಿಸುವಂತಿಲ್ಲ. ಪೊಲೀಸರಾದರೆ ವಿಶೇಷವಾಗಿ ಅಧಿಕಾರ ಪಡೆದ ಡಿಐಜಿ ಅಥವಾ ಮೇಲಿನವರು. ಯಾವ ಕಾನೂನಿನಡಿ, ಯಾವ ಅಕ್ರಮ ಕೃತ್ಯ, ಯಾವ ಯುಆರ್‌ಎಲ್ ಎಂಬುದು ಪತ್ರದಲ್ಲಿರಬೇಕು. ಇಂಥ ಸೂಚನೆಗಳು ಈಗ ಹೆಚ್ಚಾಗಿ ಗೃಹ ಸಚಿವಾಲಯದ ಸಹಯೋಗ್ ಪೋರ್ಟಲ್ ಮೂಲಕ ಬರುತ್ತವೆ. ಅದನ್ನು ಪ್ರಶ್ನಿಸಿ ಎಕ್ಸ್ ಕಂಪನಿ ಹಾಕಿದ್ದ ಅರ್ಜಿಯನ್ನು ಕರ್ನಾಟಕ ಹೈಕೋರ್ಟಿನ ಏಕಸದಸ್ಯ ಪೀಠ 2025ರ ಸೆಪ್ಟೆಂಬರ್ 24ರಂದು ವಜಾ ಮಾಡಿತು.

ಸೆಕ್ಷನ್ 69ಎ ಅಡಿಯ ತಡೆ ಆದೇಶ ಬೇರೆಯದೇ ದಾರಿ. ದೇಶದ ಸಾರ್ವಭೌಮತೆ, ಭದ್ರತೆ, ಸಾರ್ವಜನಿಕ ಸುವ್ಯವಸ್ಥೆಯಂಥ ಕಾರಣಗಳಿಗೆ ಕೇಂದ್ರ ಸರ್ಕಾರ ಮಾತ್ರ ಕೊಡುವ ಆದೇಶ ಅದು. ಪಾಲಿಸದಿದ್ದರೆ 7 ವರ್ಷದವರೆಗೆ ಜೈಲು. ಆದೇಶ ತಪ್ಪು ಎನ್ನಿಸಿದರೂ ಮೊದಲು ಪಾಲಿಸಿ, ಆಮೇಲೆ ಕೋರ್ಟಿಗೆ ಹೋಗಿ. ಇಂಥ ಆದೇಶಗಳನ್ನು ತಡವಾಗಿ ಪಾಲಿಸಿ ಆಮೇಲೆ ಪ್ರಶ್ನಿಸಿದ ಆಗಿನ ಟ್ವಿಟರ್‌ಗೆ ಇದೇ ಹೈಕೋರ್ಟ್ 2023ರ ಜೂನ್ 30ರಂದು 50 ಲಕ್ಷ ರೂಪಾಯಿ ದಂಡ ಹಾಕಿತ್ತು.

ನಾವೇ ನೋಡಿ ತೆಗೆಯುತ್ತಾ ಹೋದರೆ ‘ಸಂಪಾದಕ’ರಾಗಿ ರಕ್ಷಣೆ ಕಳೆದುಕೊಳ್ಳುತ್ತೇವೆಯೇ?

ಇಲ್ಲ. ಈ ಭಯದಿಂದ ಏನನ್ನೂ ನೋಡದೆ ಕಣ್ಣುಮುಚ್ಚಿ ಕೂರುವವರಿದ್ದಾರೆ. ನಿಷಿದ್ಧ ವಸ್ತುವನ್ನು ನೀವಾಗಿಯೇ ಅಥವಾ ದೂರಿನ ಮೇಲೆ ತೆಗೆದುಹಾಕಿದರೆ ಸೆಕ್ಷನ್ 79ರ ಷರತ್ತು ಮುರಿದಂತಲ್ಲ ಎಂದು 2021ರ ನಿಯಮಗಳೇ ನೇರವಾಗಿ ಹೇಳುತ್ತವೆ. ಆದರೆ ಪೋಸ್ಟಿನ ಮಾತು ತಿದ್ದುವುದು, ಶೀರ್ಷಿಕೆ ಬದಲಿಸುವುದು, ಅಕ್ರಮ ಫೈಲನ್ನು ಮೇಲೆ ಪಿನ್ ಮಾಡುವುದು ಬೇರೆ ಮಾತು. ತೆಗೆಯಿರಿ ಅಥವಾ ಹಾಗೇ ಬಿಡಿ, ತಿದ್ದಲು ಹೋಗಬೇಡಿ.

ಮಕ್ಕಳ ಲೈಂಗಿಕ ಶೋಷಣೆಯ ಚಿತ್ರ ಅಥವಾ ವಿಡಿಯೊ ಸಿಕ್ಕರೆ?

ಈ ಪುಟದಲ್ಲಿ ಒಂದೇ ಒಂದು ಉತ್ತರ ಓದುವುದಾದರೆ ಇದನ್ನು ಓದಿ. ಉಳಿದ ಬಹುತೇಕ ವಸ್ತುಗಳ ವಿಷಯದಲ್ಲಿ ಕೋರ್ಟ್ ಆದೇಶಕ್ಕೆ ಕಾಯಬಹುದು. ಇಲ್ಲಿ ಕಾಯುವಂತಿಲ್ಲ. ತೆಗೆದುಹಾಕಿದರಷ್ಟೇ ಸಾಲದು, ವರದಿಯನ್ನೂ ಮಾಡಬೇಕು.

ಮಾಹಿತಿ ತಂತ್ರಜ್ಞಾನ ಕಾಯ್ದೆಯ ಸೆಕ್ಷನ್ 67ಬಿ ಪ್ರಕಾರ ಇಂಥದ್ದನ್ನು ಪ್ರಕಟಿಸುವುದು, ರವಾನಿಸುವುದು, ಹುಡುಕುವುದು, ಡೌನ್‌ಲೋಡ್ ಮಾಡುವುದು ಎಲ್ಲವೂ ಅಪರಾಧ. ಮೊದಲ ಸಲ 5 ವರ್ಷದವರೆಗೆ ಜೈಲು ಮತ್ತು 10 ಲಕ್ಷ ರೂಪಾಯಿವರೆಗೆ ದಂಡ, ಮತ್ತೆ ಮಾಡಿದರೆ 7 ವರ್ಷ. ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸುವ ಪೋಕ್ಸೊ ಕಾಯ್ದೆಯ ಸೆಕ್ಷನ್ 19 ಮತ್ತು 20 ವರದಿ ಮಾಡುವುದನ್ನು ಕಡ್ಡಾಯ ಮಾಡಿವೆ. ಮಾಡದಿದ್ದರೆ ಸೆಕ್ಷನ್ 21ರಡಿ 6 ತಿಂಗಳವರೆಗೆ ಜೈಲು ಅಥವಾ ದಂಡ ಅಥವಾ ಎರಡೂ. 2024ರ ಸೆಪ್ಟೆಂಬರ್ 23ರಂದು ಜಸ್ಟ್ ರೈಟ್ಸ್ ಫಾರ್ ಚಿಲ್ಡ್ರನ್ ಅಲೈಯನ್ಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು: ಪೋಕ್ಸೊ ಅಡಿ ಪೊಲೀಸರಿಗೆ ವರದಿ ಮಾಡದ ಮಧ್ಯವರ್ತಿಗೆ ಸೆಕ್ಷನ್ 79ರ ರಕ್ಷಣೆಯೇ ಸಿಗುವುದಿಲ್ಲ. ಇಂಥ ವಸ್ತುವಿನ ವರದಿ ಪಡೆಯುವ ಅಮೆರಿಕದ ಎನ್‌ಸಿಎಂಇಸಿ ಸಂಸ್ಥೆಗೆ ತಿಳಿಸಿದ್ದೇವೆ ಎಂದರೂ ಸಾಲದು, ಇಲ್ಲಿನ ಪೊಲೀಸರಿಗೂ ತಿಳಿಸಲೇಬೇಕು.

ಮಾಡಬೇಕಾದದ್ದು ಈ ಕ್ರಮದಲ್ಲಿ.

ಮೊದಲು ಆ ಫೈಲ್ ಸಾರ್ವಜನಿಕರಿಗೆ ಸಿಗದಂತೆ ಮಾಡಿ, ಅಳಿಸಬೇಡಿ. ಮ್ಯಾಟ್ರಿಕ್ಸ್ ಸರ್ವರ್ ತಂತ್ರಾಂಶವಾದ ಸಿನಾಪ್ಸ್‌ನಲ್ಲಿ ಇದಕ್ಕೆಂದೇ ಕ್ವಾರಂಟೈನ್ ಸೌಲಭ್ಯವಿದೆ. ಬೇರೆ ತಂತ್ರಾಂಶದಲ್ಲಿ ಫೈಲನ್ನು ವೆಬ್ ಸರ್ವರ್ ಓದಲಾಗದ ಫೋಲ್ಡರ್‌ಗೆ ಸರಿಸಿ, ರೂಟ್ ಒಬ್ಬರೇ ತೆರೆಯುವಂತೆ ಅನುಮತಿ ಬಿಗಿ ಮಾಡಿ. ಸಿಡಿಎನ್ (ಫೈಲುಗಳ ನಕಲನ್ನು ಹಲವೆಡೆ ಇಟ್ಟು ತಲುಪಿಸುವ ಸೇವೆ) ಇದ್ದರೆ ಅದರ ಕ್ಯಾಶ್, ಅಂದರೆ ತಾತ್ಕಾಲಿಕ ಸಂಗ್ರಹ, ಖಾಲಿ ಮಾಡಿ. ಮೂಲ ಫೈಲ್ ತೆಗೆದು ಥಂಬ್‌ನೇಲ್ ಮರೆಯುವುದು ಎಲ್ಲರೂ ಮಾಡುವ ತಪ್ಪು; ಚಿಕ್ಕ ಚಿತ್ರವೂ ಅದೇ ಅಪರಾಧದ ವಸ್ತು. ಆಬ್ಜೆಕ್ಟ್ ಸ್ಟೋರೇಜ್‌ನಲ್ಲಿ ವರ್ಶನಿಂಗ್ ಆನ್ ಇದ್ದರೆ ಹಳೆಯ ಆವೃತ್ತಿ ಹಾಗೇ ಉಳಿದಿರಬಹುದು. ಅದನ್ನೂ ನೋಡಿ.

ಎರಡನೆಯದಾಗಿ ಖಾತೆಯನ್ನು ಅಮಾನತಿನಲ್ಲಿಡಿ. ಯೂಸರ್ ಐಡಿ, ನೋಂದಣಿ ಇಮೇಲ್, ನೋಂದಣಿಯ ಮತ್ತು ಅಪ್‌ಲೋಡಿನ ಐಪಿ ವಿಳಾಸ, ಪೋರ್ಟ್ ಸಂಖ್ಯೆ, ನಿಖರ ಸಮಯ, ಫೈಲ್ ಹೆಸರು, ಯುಆರ್‌ಎಲ್ ಬರೆದುಕೊಳ್ಳಿ. ಫೈಲಿನ ಎಸ್‌ಎಚ್‌ಎ-256 ಹ್ಯಾಶ್ (ಫೈಲಿನಿಂದ ಲೆಕ್ಕ ಹಾಕಿದ, ಬೆರಳಚ್ಚಿನಂಥ ಗುರುತು) ತೆಗೆಯಿರಿ. ಅದಕ್ಕೆ ಫೈಲ್ ತೆರೆದು ನೋಡಬೇಕಿಲ್ಲ.

ಮೂರನೆಯದಾಗಿ ರಾಷ್ಟ್ರೀಯ ಸೈಬರ್ ಅಪರಾಧ ವರದಿ ಪೋರ್ಟಲ್‌ನಲ್ಲಿ ದೂರು ದಾಖಲಿಸಿ, ಅದರ ಸಂಖ್ಯೆಯೊಂದಿಗೆ ನಿಮ್ಮ ಜಿಲ್ಲೆಯ ಸಿಇಎನ್ (ಸೈಬರ್, ಆರ್ಥಿಕ, ಮಾದಕವಸ್ತು ಅಪರಾಧ) ಠಾಣೆಗೆ ಲಿಖಿತ ಪತ್ರ ಕೊಟ್ಟು ಸ್ವೀಕೃತಿ ಪಡೆಯಿರಿ. ಫೈಲನ್ನು ಪೊಲೀಸರಿಗೆ ಒಪ್ಪಿಸುವ ಹೊಣೆ 2020ರ ಪೋಕ್ಸೊ ನಿಯಮ 11ರಡಿ ಮಧ್ಯವರ್ತಿಗಿದೆ. ಹೇಗೆ ಒಪ್ಪಿಸಬೇಕೆಂದು ಪತ್ರದಲ್ಲೇ ಕೇಳಿ, ಅವರು ಹೇಳಿದ ವಿಧಾನದಲ್ಲೇ ಕೊಡಿ.

ಮಾಡಬಾರದ್ದನ್ನೂ ಹೇಳಬೇಕು. ಸ್ಕ್ರೀನ್‌ಶಾಟ್ ತೆಗೆಯಬೇಡಿ. ನಿಮ್ಮ ಲ್ಯಾಪ್‌ಟಾಪಿಗೆ ಇಳಿಸಿಕೊಳ್ಳಬೇಡಿ. ‘ಇದು ನಿಜವಾಗಿ ಮಗುವೇ, ನೋಡಿ ಹೇಳಿ’ ಎಂದು ತಂಡದ ಗುಂಪಿಗೆ ಹಾಕಬೇಡಿ. ವಾಟ್ಸ್‌ಆ್ಯಪ್‌ನಲ್ಲಿ ವಕೀಲರಿಗೂ ಕಳಿಸಬೇಡಿ. ಒಳ್ಳೆಯ ಉದ್ದೇಶದಿಂದ ಕಳಿಸಿದರೂ ರವಾನೆ ರವಾನೆಯೇ. ಪೋಕ್ಸೊ ಸೆಕ್ಷನ್ 15ರ ವಿನಾಯಿತಿ ಇರುವುದು ನಿಗದಿತ ರೀತಿಯ ವರದಿಗೆ ಮತ್ತು ಕೋರ್ಟಿನ ಸಾಕ್ಷ್ಯಕ್ಕೆ ಮಾತ್ರ. ಆ ಚಿತ್ರದಲ್ಲಿರುವುದು ಎಲ್ಲೋ ಬದುಕಿರುವ ಒಂದು ಮಗು. ಪ್ರತಿಯೊಂದು ಹೆಚ್ಚುವರಿ ಪ್ರತಿಯೂ ಅದರ ಮೇಲೆ ಮತ್ತೊಮ್ಮೆ ನಡೆಯುವ ದೌರ್ಜನ್ಯ.

ನಮ್ಮ ಬಳಕೆದಾರರು ಹಾಕಿದ್ದೇ ಅಲ್ಲ, ಬೇರೆ ಸರ್ವರ್‌ನಿಂದ ತಾನಾಗಿ ಬಂದಿದೆ. ಆಗ?

ಮ್ಯಾಸ್ಟೊಡಾನ್, ಮ್ಯಾಟ್ರಿಕ್ಸ್‌ನಂಥ ಪರಸ್ಪರ ಬೆಸೆದ ವ್ಯವಸ್ಥೆ ನಡೆಸುವವರಿಗೆ ಅತಿ ಕಡಿಮೆ ಗೊತ್ತಿರುವ ಅಪಾಯ ಇದು. ನಿಮ್ಮಲ್ಲಿ ಒಬ್ಬರು ಹೊರಗಿನ ಖಾತೆಯೊಂದನ್ನು ಫಾಲೋ ಮಾಡಿದರೆ, ಆ ಖಾತೆಯ ಚಿತ್ರಗಳು ನಿಮ್ಮ ಡಿಸ್ಕಿಗೂ ಇಳಿದು ನಿಮ್ಮ ಡೊಮೇನಿನಿಂದಲೇ ತೋರುತ್ತವೆ. ಪತ್ತೆ ಹಚ್ಚುವವರ ಕಣ್ಣಿಗೆ ಕಾಣುವುದು ನಿಮ್ಮ ವಿಳಾಸ.

ಮ್ಯಾಸ್ಟೊಡಾನ್‌ನಲ್ಲಿ ಹೊರಗಿನ ಮೀಡಿಯಾ ಕ್ಯಾಶ್‌ನ ಅವಧಿಯನ್ನು ಅಡ್ಮಿನ್ ಪುಟದಲ್ಲೇ ಗೊತ್ತುಪಡಿಸಬಹುದು. 7 ದಿನ ಸಾಕು. ಸಿನಾಪ್ಸ್‌ನಲ್ಲೂ ಹೊರಗಿನ ಮೀಡಿಯಾಗೆ ಆಯುಷ್ಯ ಹೇಳುವ ಸೆಟ್ಟಿಂಗ್ ಇದೆ. ನೀವಾಗಿ ಹಾಕದಿದ್ದರೆ ಎಲ್ಲವೂ ಹಾಗೇ ಉಳಿಯುತ್ತದೆ. ಕುಖ್ಯಾತ ಸರ್ವರ್‌ಗಳನ್ನು ಪೂರ್ತಿ ತಡೆಯಿರಿ, ಅನುಮಾನವಿದ್ದಲ್ಲಿ ಕನಿಷ್ಠ ‘ಮೀಡಿಯಾ ಬೇಡ’ ಎಂಬ ಆಯ್ಕೆ ಒತ್ತಿ. ಹಲವು ಸರ್ವರ್‌ಗಳ ಪೋಸ್ಟುಗಳನ್ನು ಒಟ್ಟಾಗಿ ತಂದು ಸುರಿಯುವ ರಿಲೇಗಳನ್ನು ಸೇರಿಸುವ ಮೊದಲು ಎರಡು ಸಲ ಯೋಚಿಸಿ. ಯಾರೂ ಫಾಲೋ ಮಾಡದ ಸಾವಿರಾರು ಖಾತೆಗಳ ಚಿತ್ರಗಳು ಅವುಗಳ ಮೂಲಕ ಬಂದು ಬೀಳುತ್ತವೆ. ಸಿಡಿಎನ್ ಆಗಿ ಕ್ಲೌಡ್‌ಫ್ಲೇರ್ ಬಳಸುತ್ತಿದ್ದರೆ ಗೊತ್ತಿರುವ ಶೋಷಣಾ ಚಿತ್ರಗಳನ್ನು ಹ್ಯಾಶ್ ಮೂಲಕ ಗುರುತಿಸುವ ಅದರ ಉಚಿತ ಸಾಧನವನ್ನು ಆನ್ ಮಾಡಿಕೊಳ್ಳಿ. ಹೊಸ ಚಿತ್ರಗಳನ್ನು ಅದು ಹಿಡಿಯುವುದಿಲ್ಲ, ಆದರೆ ಮತ್ತೆ ಮತ್ತೆ ಸುತ್ತುವ ಹಳೆಯವನ್ನು ಹಿಡಿಯುತ್ತದೆ.

ಯಾವ ಲಾಗ್ ಎಷ್ಟು ದಿನ ಇಡಬೇಕು?

ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನದ ಪ್ರಕಾರ 180 ದಿನ. ಸರ್ವರ್‌ಗೆ ನುಗ್ಗುವಿಕೆ, ಡೇಟಾ ಸೋರಿಕೆಯಂಥ ಘಟನೆ ಗೊತ್ತಾದ 6 ಗಂಟೆಯೊಳಗೆ ಅವರಿಗೆ ತಿಳಿಸಬೇಕು. ವಿಪಿಎನ್, ವಿಪಿಎಸ್ (ಬಾಡಿಗೆಗೆ ಸಿಗುವ ವರ್ಚುವಲ್ ಸರ್ವರ್), ಕ್ಲೌಡ್ ಸೇವೆ ಮಾರುವವರಾದರೆ ಗ್ರಾಹಕರ ಹೆಸರು, ವಿಳಾಸ, ಕೊಟ್ಟ ಐಪಿ ಮುಂತಾದವನ್ನು 5 ವರ್ಷ ಇಡಬೇಕು. ಕೇಳಿದ ಮಾಹಿತಿ ಕೊಡದಿದ್ದರೆ ಅಥವಾ ನಿರ್ದೇಶನ ಪಾಲಿಸದಿದ್ದರೆ 1 ವರ್ಷದವರೆಗೆ ಜೈಲು, ಅಥವಾ 2023ರ ಜನ್ ವಿಶ್ವಾಸ್ ಕಾಯ್ದೆ ಏರಿಸಿದಂತೆ 1 ಕೋಟಿ ರೂಪಾಯಿವರೆಗೆ ದಂಡ, ಅಥವಾ ಎರಡೂ. ಇದಲ್ಲದೆ 2021ರ ನಿಯಮದ ಪ್ರಕಾರ ತೆಗೆದುಹಾಕಿದ ವಸ್ತು ಮತ್ತು ಅದರ ದಾಖಲೆಯನ್ನು 180 ದಿನ, ಬಳಕೆದಾರ ಖಾತೆ ಮುಚ್ಚಿದ ಮೇಲೂ ಅವನ ನೋಂದಣಿ ವಿವರವನ್ನು 180 ದಿನ ಇಡಬೇಕು.

ಡೆಬಿಯನ್ ಲಿನಕ್ಸ್‌ನಲ್ಲಿ ಎಂಜಿನ್‌ಎಕ್ಸ್ ಎಂಬ ವೆಬ್ ಸರ್ವರ್‌ನ ಪ್ಯಾಕೇಜ್ ಮೂಲ ಸ್ಥಿತಿಯಲ್ಲಿ ಇಡುವುದು ಬರೀ 14 ದಿನದ ಲಾಗ್. ಪೊಲೀಸ್ ಪತ್ರ ಸಾಮಾನ್ಯವಾಗಿ ಬರುವುದು ಅದಕ್ಕಿಂತ ಬಹಳ ತಡವಾಗಿ. ಹಳೆಯ ಲಾಗ್ ಅಳಿಸುವ ಲಾಗ್‌ರೊಟೇಟ್‌ನ ಕಡತದಲ್ಲಿ 14 ಇರುವ ಕಡೆ 180 ಮಾಡಿ, ಸಂಕುಚಿತ ರೂಪದಲ್ಲಿಡಿ. ಸಣ್ಣ ಸರ್ವರ್‌ಗೆ ಇದು ಹೆಚ್ಚು ಜಾಗ ತಿನ್ನುವುದಿಲ್ಲ.

ಲಾಗ್ ಇದ್ದರೂ ಕೆಲಸಕ್ಕೆ ಬಾರದೆ ಹೋಗುವುದು ಮೂರು ಕಾರಣಗಳಿಂದ. ಒಂದು, ಸರ್ವರ್‌ನ ಮುಂದೆ ಪ್ರಾಕ್ಸಿ (ನಡುವೆ ನಿಂತು ಕೋರಿಕೆಗಳನ್ನು ದಾಟಿಸುವ ಯಂತ್ರ) ಇದ್ದಾಗ ಎಲ್ಲ ಸಾಲಿನಲ್ಲೂ ಪ್ರಾಕ್ಸಿಯ ಐಪಿಯೇ ದಾಖಲಾಗಿರುತ್ತದೆ; ನಿಜವಾದ ಐಪಿ ಬರುವಂತೆ ರಿಯಲ್ ಐಪಿ ಮಾಡ್ಯೂಲ್ ಹೊಂದಿಸಬೇಕು. ಎರಡು, ಮೊಬೈಲ್ ಕಂಪನಿಗಳು ಒಂದೇ ಐಪಿವಿ4 ವಿಳಾಸವನ್ನು ಏಕಕಾಲದಲ್ಲಿ ಬಹಳಷ್ಟು ಗ್ರಾಹಕರಿಗೆ ಹಂಚುತ್ತವೆ. ಬರೀ ಐಪಿ ಕೊಟ್ಟರೆ ಅವರಲ್ಲಿ ಯಾರು ಎಂದು ತಿಳಿಯದು. ಹೀಗಾಗಿ ಲಾಗ್ ಸ್ವರೂಪದಲ್ಲಿ ಬಳಕೆದಾರನ ಸೋರ್ಸ್ ಪೋರ್ಟ್ ಕೂಡ ಸೇರಿಸಿ. ಮೂರು, ಸಮಯ. ಸರ್ವರ್ ಯುಟಿಸಿಯಲ್ಲಿದ್ದು (ಜಾಗತಿಕ ಪ್ರಮಾಣ ಸಮಯ) ನೀವು ಅದನ್ನೇ ಭಾರತೀಯ ಸಮಯವೆಂದು ಬರೆದುಕೊಟ್ಟರೆ ಐದೂವರೆ ಗಂಟೆಯ ವ್ಯತ್ಯಾಸವಾಗಿ, ಆ ಹೊತ್ತಿಗೆ ಅದೇ ಐಪಿ ಇದ್ದ ಯಾರೋ ಅಮಾಯಕರ ಮನೆಗೆ ಪೊಲೀಸರು ಹೋಗುತ್ತಾರೆ. ಪ್ರತಿ ಸಮಯದ ಪಕ್ಕದಲ್ಲೂ +05:30 ಅಥವಾ ಯುಟಿಸಿ ಎಂದು ಬರೆಯಿರಿ. ಗಡಿಯಾರವನ್ನು ಸರ್ಕಾರಿ ಸಂಸ್ಥೆಗಳಾದ ಎನ್‌ಐಸಿ ಅಥವಾ ಎನ್‌ಪಿಎಲ್‌ನ ಎನ್‌ಟಿಪಿ (ಸಮಯ ಕೊಡುವ) ಸರ್ವರ್‌ಗೆ, ಇಲ್ಲವೇ ಅವುಗಳಿಗೆ ಹೊಂದಿಕೊಂಡ ಬೇರೊಂದಕ್ಕೆ ಜೋಡಿಸಬೇಕೆಂಬುದೂ ಸರ್ಟ್-ಇನ್ ನಿರ್ದೇಶನದಲ್ಲೇ ಇದೆ.

ಠಾಣೆಯಿಂದ ಮಾಹಿತಿ ಕೇಳಿ ಪತ್ರ ಬಂದಿದೆ. ಏನು ಮಾಡಲಿ?

ಮೊದಲು ಪತ್ರ ಅಸಲಿಯೇ ನೋಡಿ. ಪೊಲೀಸರ ಹೆಸರಿನಲ್ಲಿ ಬಳಕೆದಾರರ ಮಾಹಿತಿ ಕದಿಯುವ ನಕಲಿ ಇಮೇಲ್‌ಗಳು ಬರುತ್ತವೆ. ಸರ್ಕಾರಿ ಡೊಮೇನ್ ಅಲ್ಲದ ವಿಳಾಸದಿಂದ ಬಂದಿದ್ದರೆ, ಇಲಾಖೆಯ ಅಧಿಕೃತ ತಾಣದಲ್ಲಿರುವ ದೂರವಾಣಿಗೆ ಕರೆ ಮಾಡಿ ಖಚಿತಪಡಿಸಿಕೊಳ್ಳಿ. ಪತ್ರದಲ್ಲೇ ಕೊಟ್ಟ ಸಂಖ್ಯೆಗೆ ಅಲ್ಲ.

ಅಸಲಿಯಾಗಿದ್ದರೆ ಅದು ಬಹುಶಃ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಸೆಕ್ಷನ್ 94ರ ನೋಟಿಸ್ ಆಗಿರುತ್ತದೆ. 2024ರ ಜುಲೈ 1ರ ಮುಂಚೆ ಇದೇ ಸಿಆರ್‌ಪಿಸಿ 91 ಆಗಿತ್ತು. ಅಧಿಕೃತ ತನಿಖಾ ಸಂಸ್ಥೆ ಉದ್ದೇಶ ತಿಳಿಸಿ ಲಿಖಿತವಾಗಿ ಕೇಳಿದರೆ 72 ಗಂಟೆಯೊಳಗೆ ಕೊಡಬೇಕು ಎನ್ನುತ್ತದೆ 2021ರ ನಿಯಮ. ಅಪರಾಧ ಸಂಖ್ಯೆ, ಕಾನೂನಿನ ಸೆಕ್ಷನ್, ಯಾವ ಖಾತೆ, ಯಾವ ಅವಧಿ ಎಂಬುದು ಇಲ್ಲದಿದ್ದರೆ ವಿನಯದಿಂದ, ಬರಹದಲ್ಲಿ, ಅದೇ ದಿನ ಕೇಳಿ. ಕೇಳಿದ ಖಾತೆಯದನ್ನಷ್ಟೇ ಕೊಡಿ. ಹೆದರಿಕೆಯಿಂದ ಇಡೀ ಡೇಟಾಬೇಸ್ ಒಪ್ಪಿಸುವವರಿದ್ದಾರೆ. ಅದು ಉಳಿದೆಲ್ಲ ಬಳಕೆದಾರರಿಗೆ ಮಾಡುವ ದ್ರೋಹ. ಪತ್ರ ಕೈಸೇರಿದ ಕ್ಷಣವೇ ಸಂಬಂಧಪಟ್ಟ ಲಾಗ್ ಸುತ್ತುವಿಕೆಯಲ್ಲಿ ಅಳಿಯದಂತೆ ಪ್ರತ್ಯೇಕ ನಕಲು ತೆಗೆದಿಡಿ.

ಕೊಟ್ಟ ದಾಖಲೆಯ ಜೊತೆ ಭಾರತೀಯ ಸಾಕ್ಷ್ಯ ಅಧಿನಿಯಮದ ಸೆಕ್ಷನ್ 63ರ ಪ್ರಮಾಣಪತ್ರ ಕೇಳುತ್ತಾರೆ. ಹಳೆಯ ಸಾಕ್ಷ್ಯ ಕಾಯ್ದೆಯ 65ಬಿ ಜಾಗದಲ್ಲಿ ಬಂದದ್ದು ಇದು. ಭಾಗ ‘ಎ’ ನೀವು ಸಹಿ ಹಾಕುವುದು, ಭಾಗ ‘ಬಿ’ ತಜ್ಞರು. ಹ್ಯಾಶ್ ಮೌಲ್ಯ ನಮೂದಿಸಬೇಕು. ದಾಖಲೆ ಕೊಡುವ ಮುನ್ನವೇ ಹ್ಯಾಶ್ ತೆಗೆದಿಟ್ಟಿರಿ.

ಎಂಡ್-ಟು-ಎಂಡ್ ಎನ್‌ಕ್ರಿಪ್ಶನ್ ಇದ್ದರೆ ನಮಗೆ ತೊಂದರೆ ಇಲ್ಲವೇ?

ಕೀಲಿ ನಿಮ್ಮಲ್ಲಿಲ್ಲದಿದ್ದರೆ ಬಿಡಿಸಿಕೊಡಲಾಗದು ಎಂಬುದನ್ನು ಕಾನೂನೂ ಒಪ್ಪುತ್ತದೆ. ಮಾಹಿತಿ ತಂತ್ರಜ್ಞಾನ ಕಾಯ್ದೆಯ ಸೆಕ್ಷನ್ 69ರಡಿ 2009ರಲ್ಲಿ ಬಂದ ನಿಯಮಗಳ ಪ್ರಕಾರ ಡಿಕ್ರಿಪ್ಶನ್ ಆದೇಶ ಮಧ್ಯವರ್ತಿಯೇ ಎನ್‌ಕ್ರಿಪ್ಟ್ ಮಾಡಿದ ಅಥವಾ ಕೀಲಿಯ ಮೇಲೆ ಅವನಿಗೆ ಹಿಡಿತವಿರುವ ಮಾಹಿತಿಗೆ ಸೀಮಿತ. ಆದರೆ ಯಾರು, ಯಾವಾಗ, ಯಾವ ಚಾಟ್ ಕೋಣೆ ಸೇರಿದರು ಎಂಬ ಮಾಹಿತಿ ನಿಮ್ಮಲ್ಲಿರುತ್ತದೆ. ಅದನ್ನು ಕೊಡಬೇಕಾಗುತ್ತದೆ. ಬಳಕೆದಾರರೇ ಸಂದೇಶವನ್ನು ರಿಪೋರ್ಟ್ ಮಾಡಿ ನಿಮಗೆ ತೋರಿಸಿದರೆ ಆಮೇಲೆ ‘ನಮಗೆ ಕಾಣುವುದಿಲ್ಲ’ ಎಂಬ ವಾದ ನಡೆಯುವುದಿಲ್ಲ.

ಸರ್ವರನ್ನೇ ಎತ್ತಿಕೊಂಡು ಹೋದರೆ?

ನಾಗರಿಕ ಸುರಕ್ಷಾ ಸಂಹಿತೆಯ ಸೆಕ್ಷನ್ 106 ಪೊಲೀಸರಿಗೆ ಜಪ್ತಿಯ ಅಧಿಕಾರ ಕೊಡುತ್ತದೆ; ಸೆಕ್ಷನ್ 105ರ ಪ್ರಕಾರ ಶೋಧ ಮತ್ತು ಜಪ್ತಿಯ ವಿಡಿಯೊ ಚಿತ್ರೀಕರಣ ಕಡ್ಡಾಯ. ಮಹಜರಿನ ನಕಲು ಕೇಳಿ ಪಡೆಯಿರಿ. ಡಿಸ್ಕಿನ ತಯಾರಕರು, ಮಾದರಿ, ಸೀರಿಯಲ್ ಸಂಖ್ಯೆ ಮತ್ತು ಹ್ಯಾಶ್ ಅದರಲ್ಲಿ ಇರಲೇಬೇಕೆಂದು ಒತ್ತಾಯಿಸಿ. ಹ್ಯಾಶ್ ಇಲ್ಲದೆ ಹೋದ ಡಿಸ್ಕಿನಲ್ಲಿ ಆಮೇಲೆ ಏನು ಸೇರಿತು, ಏನು ಹೋಯಿತು ಎಂದು ತೋರಿಸಲು ನಿಮಗೆ ದಾರಿ ಇರುವುದಿಲ್ಲ.

ಮನೆಯಲ್ಲೇ ಇಟ್ಟ ಯಂತ್ರದಲ್ಲಿ ಸಾರ್ವಜನಿಕ ಸರ್ವರ್ ನಡೆಸುವವರಿಗೆ ಒಂದು ಮಾತು. ಅದೇ ಡಿಸ್ಕಿನಲ್ಲಿ ನಿಮ್ಮ ಮಕ್ಕಳ ಫೋಟೊ, ಆಫೀಸ್ ಕಡತ, ಬ್ಯಾಂಕ್ ದಾಖಲೆ ಇದ್ದರೆ ಎಲ್ಲವೂ ಒಟ್ಟಿಗೆ ಹೋಗುತ್ತದೆ, ಬೇಗ ವಾಪಸ್ ಬರುವುದಿಲ್ಲ. ಇತರರು ಅಪ್‌ಲೋಡ್ ಮಾಡಬಲ್ಲ ಸೇವೆ ಬಾಡಿಗೆ ವಿಪಿಎಸ್‌ನಲ್ಲಿರಲಿ, ಮನೆಯ ನೆಟ್‌ವರ್ಕ್ ಮತ್ತು ಸ್ವಂತ ಡೇಟಾದಿಂದ ಪೂರ್ತಿ ಬೇರೆಯಾಗಿರಲಿ.

ಸಿನಿಮಾ, ಹಾಡು, ಪುಸ್ತಕದ ಪಿಡಿಎಫ್ ಹಂಚಿದರೆ?

ಹಕ್ಕುಸ್ವಾಮ್ಯ ನಿಯಮ 2013ರ ನಿಯಮ 75 ಪ್ರಕಾರ ಕೃತಿಯ ವಿವರ, ಒಡೆತನದ ಆಧಾರ, ಯುಆರ್‌ಎಲ್ ಇರುವ ಲಿಖಿತ ದೂರು ಬಂದರೆ 36 ಗಂಟೆಯೊಳಗೆ ತಡೆಯಬೇಕು. ದೂರುದಾರ 21 ದಿನದೊಳಗೆ ಕೋರ್ಟ್ ಆದೇಶ ತರದಿದ್ದರೆ ಮತ್ತೆ ತೆರೆಯಬಹುದು. ಆದರೆ ಈ ನಿಯಮ ಇರುವುದು ತಾತ್ಕಾಲಿಕ, ಪ್ರಾಸಂಗಿಕ ಸಂಗ್ರಹಕ್ಕೆ. ಶಾಶ್ವತವಾಗಿ ಫೈಲ್ ಇಡುವವರು ನೆಚ್ಚಬೇಕಾದದ್ದು ಸೆಕ್ಷನ್ 79ನ್ನೇ. 2016ರ ಡಿಸೆಂಬರಿನಲ್ಲಿ ದೆಹಲಿ ಹೈಕೋರ್ಟ್ ಮೈಸ್ಪೇಸ್ ಪ್ರಕರಣದಲ್ಲಿ, ನಿರ್ದಿಷ್ಟ ಫೈಲ್ ಬಗ್ಗೆ ನಿಜವಾದ ತಿಳಿವು ಇದ್ದರಷ್ಟೇ ಹೊಣೆ ಎಂದಿತು.

‘ಹೊಸ ಕನ್ನಡ ಸಿನಿಮಾ’ ಎಂಬ ಹೆಸರಿನ ವಿಭಾಗವನ್ನು ನೀವೇ ತೆರೆದು, ಡೌನ್‌ಲೋಡಿಗೆ ಚಂದಾ ಪಡೆದರೆ ಈ ಯಾವ ರಕ್ಷಣೆಯೂ ನಿಲ್ಲದು. ಹಕ್ಕುಸ್ವಾಮ್ಯ ಕಾಯ್ದೆಯ ಸೆಕ್ಷನ್ 63ರಡಿ 6 ತಿಂಗಳಿಂದ 3 ವರ್ಷದವರೆಗೆ ಜೈಲು ಮತ್ತು 50 ಸಾವಿರದಿಂದ 2 ಲಕ್ಷ ರೂಪಾಯಿವರೆಗೆ ದಂಡ.

ನಾನು ವಾಟ್ಸ್‌ಆ್ಯಪ್ ಅಥವಾ ಡಿಸ್ಕಾರ್ಡ್ ಗುಂಪಿನ ಅಡ್ಮಿನ್ ಅಷ್ಟೇ.

ಆಗ ಸಂಗ್ರಹ ನಿಮ್ಮ ಕೈಯಲ್ಲಿಲ್ಲ. ಸದಸ್ಯ ಹಾಕಿದ್ದಕ್ಕೆ ಅಡ್ಮಿನ್ ತಾನಾಗಿ ಹೊಣೆಯಲ್ಲ ಎಂದು ಬಾಂಬೆ ಹೈಕೋರ್ಟಿನ ನಾಗಪುರ ಪೀಠ 2021ರಲ್ಲಿ, ಕೇರಳ ಹೈಕೋರ್ಟ್ 2022ರಲ್ಲಿ ಹೇಳಿವೆ. ಆದರೂ ನೋಡಿದ ಮೇಲೆ ಅಳಿಸಿ, ಹಾಕಿದವರನ್ನು ಹೊರಹಾಕಿ. ಮಕ್ಕಳ ವಿಷಯದಲ್ಲಿ ವರದಿಯ ಹೊಣೆ ಯಾರನ್ನೂ ಬಿಡುವುದಿಲ್ಲ.

ಸರ್ವರ್ ಜರ್ಮನಿಯಲ್ಲಿ ಅಥವಾ ಸಿಂಗಪುರದಲ್ಲಿದ್ದರೆ ಭಾರತದ ಕಾನೂನು ಬರುವುದಿಲ್ಲ ಅಲ್ಲವೇ?

ಬರುತ್ತದೆ. ನೀವು ಇಲ್ಲಿದ್ದೀರಿ, ಬಳಕೆದಾರರು ಇಲ್ಲಿದ್ದಾರೆ. ಮಾಹಿತಿ ತಂತ್ರಜ್ಞಾನ ಕಾಯ್ದೆಯ ಸೆಕ್ಷನ್ 75 ಭಾರತದ ಕಂಪ್ಯೂಟರ್‌ಗೆ ಸಂಬಂಧಿಸಿದ ಹೊರದೇಶದ ಕೃತ್ಯಕ್ಕೂ ಕಾಯ್ದೆಯನ್ನು ಅನ್ವಯಿಸುತ್ತದೆ. ಅದರ ಮೇಲೆ ಸರ್ವರ್ ಇರುವ ದೇಶದ ಕಾನೂನೂ ಸೇರಿಕೊಳ್ಳುತ್ತದೆ.

ಹೊರದೇಶದಲ್ಲಿದ್ದು ಸರ್ವರ್ ನಡೆಸುವ ಕನ್ನಡಿಗರು ಅಲ್ಲಿನ ನಿಯಮವನ್ನೇ ಮೊದಲು ನೋಡಬೇಕು. ಅಮೆರಿಕದಲ್ಲಿ ಡಿಎಂಸಿಎ (ಅಲ್ಲಿನ ಡಿಜಿಟಲ್ ಹಕ್ಕುಸ್ವಾಮ್ಯ ಕಾಯ್ದೆ) ರಕ್ಷಣೆ ಬೇಕಾದರೆ ಕಾಪಿರೈಟ್ ಕಚೇರಿಯಲ್ಲಿ ಏಜೆಂಟ್ ಒಬ್ಬರನ್ನು 6 ಡಾಲರ್ ಕಟ್ಟಿ ನೋಂದಾಯಿಸಬೇಕು, 3 ವರ್ಷಕ್ಕೊಮ್ಮೆ ನವೀಕರಿಸಬೇಕು. ನವೀಕರಣ ಮರೆತರೆ ರಕ್ಷಣೆ ತಪ್ಪುತ್ತದೆ. ಬ್ರಿಟನ್ನಿನ ಆನ್‌ಲೈನ್ ಸುರಕ್ಷತಾ ಕಾಯ್ದೆಯ ಅಕ್ರಮ ವಸ್ತು ಕುರಿತ ಹೊಣೆಗಳು 2025ರ ಮಾರ್ಚ್ 17ರಿಂದ ಜಾರಿಯಲ್ಲಿವೆ. ಸಣ್ಣ ಸೇವೆಯೂ ಲಿಖಿತ ಅಪಾಯ ಮೌಲ್ಯಮಾಪನ ಮಾಡಿಟ್ಟಿರಬೇಕು. ಐರೋಪ್ಯ ಒಕ್ಕೂಟದಲ್ಲಿ ಸಣ್ಣ ಸಂಸ್ಥೆಗಳಿಗೆ ಕೆಲವು ವಿನಾಯಿತಿ ಇದ್ದರೂ, ದೂರು ಪಡೆದು ಕ್ರಮ ಕೈಗೊಳ್ಳುವ ವ್ಯವಸ್ಥೆ ಹೋಸ್ಟಿಂಗ್ ಮಾಡುವ ಎಲ್ಲರಿಗೂ ಕಡ್ಡಾಯ.

ಕಂಪನಿ ಅಥವಾ ಸಂಘ ನೋಂದಾಯಿಸಿದರೆ ವೈಯಕ್ತಿಕವಾಗಿ ಬಚಾವಾಗಬಹುದೇ?

ಸಾಲ, ಪರಿಹಾರದ ವಿಷಯದಲ್ಲಿ ಸ್ವಲ್ಪ ಮಟ್ಟಿಗೆ. ಕ್ರಿಮಿನಲ್ ವಿಷಯದಲ್ಲಿ ಹೆಚ್ಚೇನಿಲ್ಲ. ಮಾಹಿತಿ ತಂತ್ರಜ್ಞಾನ ಕಾಯ್ದೆಯ ಸೆಕ್ಷನ್ 85 ಪ್ರಕಾರ ಕಂಪನಿ ಅಪರಾಧ ಮಾಡಿದಾಗ ಅದರ ವ್ಯವಹಾರದ ಉಸ್ತುವಾರಿ ಹೊತ್ತವರೂ ಹೊಣೆ. ‘ಕಂಪನಿ’ ಎಂದರೆ ಪಾಲುದಾರಿಕೆ ಸಂಸ್ಥೆ ಮತ್ತು ವ್ಯಕ್ತಿಗಳ ಕೂಟವೂ ಸೇರುತ್ತದೆ. ತನಗೆ ತಿಳಿಯದೆ ನಡೆಯಿತು ಅಥವಾ ತಡೆಯಲು ತಕ್ಕ ಎಚ್ಚರ ವಹಿಸಿದ್ದೆ ಎಂದು ಸಾಬೀತು ಮಾಡಿದವರಿಗೆ ಬಿಡುಗಡೆ ಇದೆ. ಸಾಬೀತು ಮಾಡುವ ಹೊರೆ ಅವರದೇ. ದೂರು ಬಂದ ಸಮಯ, ಕ್ರಮ ಕೈಗೊಂಡ ಸಮಯ, ಕೈಗೊಂಡವರ ಹೆಸರು ಇರುವ ರಿಜಿಸ್ಟರ್ ಅಲ್ಲಿ ಕೆಲಸಕ್ಕೆ ಬರುತ್ತದೆ.

ನಮ್ಮ ಸರ್ವರ್‌ನಲ್ಲಿ ಚಿತ್ರ ಬಿಡಿಸುವ ಎಐ ಬಾಟ್ ಇದೆ.

2026ರ ತಿದ್ದುಪಡಿಯ ನಂತರ, ಕೃತಕ ಚಿತ್ರ ಅಥವಾ ಧ್ವನಿ ತಯಾರಿಸುವ ಸೌಲಭ್ಯ ಕೊಡುವವರು ಅದಕ್ಕೆ ಎದ್ದು ಕಾಣುವ ಗುರುತು ಹಾಕಬೇಕು, ಆ ಗುರುತು ಅಳಿಸಲು ಅವಕಾಶ ಕೊಡಬಾರದು. ವ್ಯಕ್ತಿಗಳ ಫೋಟೊ ಕೊಟ್ಟು ಬಟ್ಟೆ ಬದಲಿಸುವಂಥ ಸೌಲಭ್ಯವನ್ನು ಸಣ್ಣ ತಂಡದವರು ಇಡಲೇಬಾರದು. ಅಲ್ಲಿ ವಸ್ತು ತಯಾರಿಸುತ್ತಿರುವುದು ನಿಮ್ಮದೇ ಯಂತ್ರ. ‘ಬಳಕೆದಾರ ಹಾಕಿದ್ದು’ ಎನ್ನುವ ವಾದ ಸೊರಗುತ್ತದೆ.

ಇಷ್ಟೆಲ್ಲ ಸಾಧ್ಯವಿಲ್ಲ, ಮುಚ್ಚಿಬಿಡುತ್ತೇನೆ. ಮುಚ್ಚಿದರೆ ಮುಗಿಯಿತೇ?

ವಿಪಿಎಸ್ ಅಳಿಸಿದ ಮಾತ್ರಕ್ಕೆ ಮುಗಿಯುವುದಿಲ್ಲ. ನೋಂದಣಿ ವಿವರ, ತೆಗೆದುಹಾಕಿದ ವಸ್ತುವಿನ ದಾಖಲೆ, ಲಾಗ್ ಇವುಗಳ 180 ದಿನದ ಲೆಕ್ಕ ಮುಚ್ಚಿದ ದಿನದಿಂದಲೂ ಓಡುತ್ತಿರುತ್ತದೆ. ನೋಟಿಸ್ ಬಂದ ಮೇಲೆ ಅಳಿಸಿದರೆ ಸಾಕ್ಷ್ಯನಾಶದ ಆರೋಪವೇ ಬರಬಹುದು. ಹೊಸ ನೋಂದಣಿ ನಿಲ್ಲಿಸಿ, ಬಳಕೆದಾರರಿಗೆ ತಮ್ಮ ಡೇಟಾ ಇಳಿಸಿಕೊಳ್ಳಲು 30 ದಿನವಾದರೂ ಕೊಡಿ. ನಂತರ ಡೇಟಾಬೇಸ್ ಮತ್ತು ಲಾಗ್‌ಗಳನ್ನು ಎನ್‌ಕ್ರಿಪ್ಟ್ ಮಾಡಿದ ಒಂದೇ ಡಿಸ್ಕಿಗೆ ಇಳಿಸಿ, ಹ್ಯಾಶ್ ಮತ್ತು ದಿನಾಂಕ ಬರೆದಿಡಿ. ಡೊಮೇನನ್ನು ಕನಿಷ್ಠ ಇನ್ನೊಂದು ವರ್ಷ ನವೀಕರಿಸಿ, ದೂರಿನ ಇಮೇಲ್ ಪೆಟ್ಟಿಗೆಯನ್ನು ಜೀವಂತವಾಗಿಡಿ. ಇಲ್ಲದಿದ್ದರೆ ನಿಮ್ಮ ಹಳೆಯ ಹೆಸರನ್ನು ಇನ್ಯಾರೋ ಕೊಂಡು, ನಿಮಗೆ ಬರಬೇಕಾದ ನೋಟಿಸ್ ಅವರ ಕೈಸೇರುತ್ತದೆ. 180 ದಿನ ಕಳೆದು, ಯಾವ ಪತ್ರವೂ ಬಾಕಿ ಇಲ್ಲವೆಂದು ಖಚಿತವಾದ ಮೇಲೆ ಆ ಡಿಸ್ಕನ್ನು ಪೂರ್ತಿ ಅಳಿಸಿ.